ಮರಿಯಜಮಾನರ ವೀಳ್ಯ

ಗಿರಿಗೆ ಎಂಟು ವರ್ಷ. ಅಪ್ಪನ ತಿಥಿಯ ದಿನವೇ ಕುಲಸ್ಥರು ಸೇರಿ ಅಪ್ಪನ ಪೇಟವನ್ನು ಅವನ ಬೋಳುತಲೆಗೆ ಸುತ್ತಿ ಯಜಮಾನಿಕೆ ಕೊಟ್ಟಿದ್ದರು. ಮೀಸೆ ಮೂಡುವವರೆಗೆ ಅವನು ಮರಿಯಜಮಾನ. ಮುದುಕರೂ ಅವನಿಗೆ 'ನೀವು' ಅನ್ನಬೇಕು. ಮಾತಾಡುವವನು ಚಿಕ್ಕಪ್ಪ ಜಯರಾಮಪ್ಪ. ಆದರೆ ಪೇಟ ತೊಟ್ಟ ಗಿರಿ ತಟ್ಟೆಯಿಂದ ವೀಳ್ಯ ಎತ್ತಿದರಷ್ಟೇ ತೀರ್ಮಾನ ತೀರ್ಮಾನ. ಪೇಟವೋ ದೊಡ್ಡದು, ಕಣ್ಣಿನ ಮೇಲೆ ಜಾರುತ್ತಿತ್ತು. ಹಿಂದೆ ನಿಂತು ಅದನ್ನು ಹಿಡಿದುಕೊಳ್ಳುವ ಕೆಲಸ ಅಕ್ಕ ಅಂಬಿಕಳ ಪಾಲಿಗೆ ಬಂತು.

ಅಂಬಿಕ ಬಿ.ಎ.ಯಲ್ಲಿ ಬಾಲರಾಜ, ಅಪ್ರಾಪ್ತ ದೊರೆ, ರಾಜಪ್ರತಿನಿಧಿ ಎಂದೆಲ್ಲ ಅಡಿಗೆರೆ ಎಳೆದು ಓದಿದ್ದಳು. ರಾಜಪ್ರತಿನಿಧಿ ಎಂಬವನು ಚಿಕ್ಕಪ್ಪನ ಹಾಗೆ ಡೈರಿಗೆ ಹಾಲು ಹಾಕಿ ಬಂದು, ಹೆಗಲ ಟವೆಲ್ಲಿನಲ್ಲಿ ಮುಖ ಒರೆಸಿಕೊಂಡು ಅರಳಿಕಟ್ಟೆಯ ಮೇಲೆ ಕೂರಬಹುದೆಂದು ಅವಳಿಗೆ ಹೊಳೆದಿರಲಿಲ್ಲ.

ಆ ಭಾನುವಾರ ಕಟ್ಟೆಯ ಕೆಳಗೆ ಪಾಪಕ್ಕ ನಿಂತಿದ್ದಳು. ಅವಳ ಮಗಳು ನವ್ಯ ಚಿನ್ನದ ಗಣಿಯೂರು ಚಾಂಪಿಯನ್ ರೀಫ್ಸಿನ ಬೇರೆ ಕುಲದ ಹುಡುಗನನ್ನು ರಿಜಿಸ್ಟರ್ ಮದುವೆಯಾಗಿದ್ದಳು. ತಾಯಿಯನ್ನು ಕುಲದಿಂದ ಹೊರಗಿಡಬೇಕೆಂಬುದು ಜಯರಾಮಪ್ಪನ ಹಟ. ನವ್ಯ, ಅಂಬಿಕ ಮೂರು ವರ್ಷ ಒಂದೇ ಬಸ್ಸಿನಲ್ಲಿ ಕಾಲೇಜಿಗೆ ಓಡಾಡಿದವರು. ಬೆಳಿಗ್ಗೆಯೇ ಅಂಬಿಕ ತಮ್ಮನಿಗೆ, "ವೀಳ್ಯ ಎತ್ಬ್ಯಾಡ ಕಣೋ, ಪಾಪಕ್ಕ ನಿನ್ನ ಎತ್ತಾಡ್ಸಿದೋಳು" ಅಂದಿದ್ದಳು. ಅವನೂ "ಊಂ" ಅಂದಿದ್ದ.

"ಮಗಳು ಓಗಿದ್ದಕ್ಕೆ ನನ್ಗ್ಯಾಕ್ರಪ್ಪ ಸಿಕ್ಸೆ? ಯಾರೂ ಕೂಲಿಗೂ ಕರೆಯಾಕಿಲ್ಲ. ನಾಳೆ ಸತ್ರೆ ಎತ್ತೋರ್ ಯಾರು?" ಎಂದಳು ಪಾಪಕ್ಕ.

"ಅಳಿಯ ಗಣಿ ಕಡೆಯೋನಲ್ವಾ? ಗುಂಡಿ ತೋಡೋದು ಅವ್ರಿಗೇನ್ ಹೊಸ್ದಾ!" ಎಂದ ಮುದುಕ ಸೀನಪ್ಪ. ಗಂಡಸರು ನಕ್ಕರು.

"ಮರಿಯಜಮಾನ್ರು ವೀಳ್ಯ ಎತ್ಬೇಕು" ಎಂದ ಜಯರಾಮಪ್ಪ.

ಗಿರಿ ಅಕ್ಕನ ಕಡೆ ತಿರುಗಿದ. ಆಮೇಲೆ ಚಿಕ್ಕಪ್ಪನ ಮುಖ ನೋಡಿದ. ಕೈ ತಟ್ಟೆಯತ್ತ ಹೋಯಿತು. ಅಂಬಿಕ ಪೇಟವನ್ನೇ ಎತ್ತಿಬಿಟ್ಟಳು.

"ಲೇ, ಬೋಡಿಗುಂಡು!" ಎಂದು ಅವನ ಕ್ಲಾಸಿನ ಹುಡುಗನೊಬ್ಬ ಕೂಗಿದ. ಕಟ್ಟೆಯ ಸುತ್ತ ಎಲ್ಲರೂ ಗೊಳ್ಳೆಂದರು, ಅಳುತ್ತಿದ್ದ ಪಾಪಕ್ಕನೊಬ್ಬಳ ಹೊರತು.

ಗಿರಿಯ ಕಿವಿ ಕೆಂಪಾದವು. ಅಕ್ಕನ ಕೈಯಿಂದ ಪೇಟ ಕಿತ್ತುಕೊಂಡು ತಾನೇ ತಲೆಗೆ ಒತ್ತಿಕೊಂಡ. ಒಂದು ವೀಳ್ಯ ಎತ್ತಿದ. ಪಾಪಕ್ಕನದು ಮುಗಿಯಿತು. ಅವನ ಕೈ ಮತ್ತೆ ತಟ್ಟೆಗೆ ಹೋಯಿತು.

"ಇವಳ್ನೂ ಆಚೆಗಾಕಿ."

"ಲೇ, ಅಕ್ಕ ಕಣ್ಲಾ ಅವ್ಳು!" ಜಯರಾಮಪ್ಪ ಗಾಬರಿಯಾದ.

"'ನೀವು' ಅನ್ನು ಚಿಕ್ಕಪ್ಪ" ಎಂದ ಗಿರಿ.

ಜಯರಾಮಪ್ಪ ತಟ್ಟೆ ಎಳೆದುಕೊಳ್ಳಲು ಹೋದ. ಸೀನಪ್ಪ ಅವನ ಮಣಿಕಟ್ಟು ಹಿಡಿದ. "ಯಜಮಾನ್ರ ಕೈ ತಟ್ಟೆ ಮ್ಯಾಲೈತೆ. ಈ ಕಟ್ಲೆ ನಮ್ಗೆಲ್ಲ ಹೇಳ್ಕೊಟ್ಟೋನು ನೀನೇ ಅಲ್ವಾ?"

ಗಿರಿ ಎರಡನೇ ವೀಳ್ಯ ಎತ್ತಿದ. ಈಗ ಯಾರೂ ನಗಲಿಲ್ಲ.

ಅಂಬಿಕ ಕಟ್ಟೆ ಇಳಿದಳು. ಪಾಪಕ್ಕ ಸೆರಗಿನಲ್ಲಿ ಮೂಗೊರೆಸಿಕೊಂಡು ಪಕ್ಕಕ್ಕೆ ಸರಿದು, "ಬಾರಮ್ಮ, ಮಗು ಅದು, ಬೈಬ್ಯಾಡ" ಎಂದಳು. ಜನ ಒಬ್ಬೊಬ್ಬರೇ ಎದ್ದು ಹೋದರು. ಹೊರಗಿಟ್ಟವರ ಜೊತೆ ಯಜಮಾನರು ಮಾತಾಡುವಂತಿಲ್ಲ. ಅದನ್ನು ಗಿರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

"ಅಕ್ಕಾ, ಹೊಟ್ಟೆ ಅಸೀತೈತೆ. ಮನೆಗೋಗಾಣ ಬಾ" ಎಂದ ಗಿರಿ.

ಜಯರಾಮಪ್ಪ ಟವೆಲ್ಲಿನಿಂದ ಅವನ ಬಾಯಿ ಮುಚ್ಚಿದ.