ಕೊನೆಗೆ ಮಾತಾಡುವ ಸರದಿ

ದಾಂಡೇಲಿಯ ಬಂಗೂರನಗರದಲ್ಲಿ ಕಾಲೇಜು ಮಕ್ಕಳಿಗೆ ಕಂಪ್ಯೂಟರ್ ಕಲಿಸುವ ದ್ರಾಕ್ಷಾಯಣಿ, ಬಸ್ಸು ಎಲ್ಲಿದೆ ಎಂದು ಪ್ರಯಾಣಿಕರೇ ಒಬ್ಬರಿಗೊಬ್ಬರು ತಿಳಿಸುವ ಆ್ಯಪ್ ಒಂದನ್ನು ಕಟ್ಟಿದ್ದಳು. ಅದರ ಕೋಡ್ ಮುಚ್ಚುಮರೆಯಿಲ್ಲದ್ದು. ಯಾರು ಬೇಕಾದರೂ ನೋಡಬಹುದು, ತಿದ್ದಬಹುದು. ಹಾಗಂತ ಹೇಳಿಕೊಂಡಿದ್ದಳು, ಅಷ್ಟೇ. ಯಾರಾದರೂ ತಿದ್ದಿ ಕಳಿಸಿದರೆ, ಸೊಸೆ ಬಡಿದ ರೊಟ್ಟಿಯನ್ನು ಅತ್ತೆ ಮತ್ತೆ ಬಡಿದಂತೆ, ಇವಳು ಪೂರ್ತಿ ಬದಲಿಸಿಯೇ ಸೇರಿಸುತ್ತಿದ್ದಳು. ತಾನು ಬರೆದದ್ದೇ ಚೆಂದ. ಹೆತ್ತವರಿಗೆ ಹೆಗ್ಗಣ ಮುದ್ದು. ಬಂದವರೆಲ್ಲ ಒಂದು ಸಲ ಕೈಹಾಕಿ ಕಾಲ್ಕಿತ್ತರು.

ಉಳಿದವರು ಇಬ್ಬರು: ಹಳಿಯಾಳದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟ ಈರೇಶ, ಮುಂಡಗೋಡ ಕಡೆಯ ತಾಂಡಾದಿಂದ ಬಂದು ಇದೇ ಕಾಲೇಜಿನಲ್ಲಿ ಓದಿ ಮುಗಿಸಿದ ತುಳಜಾ. ಒಂದು ದಿನ ತುಳಜಾ ಮುಖಕ್ಕೆ ಮುಖ ಕೊಟ್ಟೇ ಹೇಳಿದಳು.

“ನಾ ಬರದದ್ದರಾಗ ನಂದು ಒಂದು ಸಾಲೂ ಉಳಿಯೂದಿಲ್ರಿ ಮೇಡಂ. ನಾನೂ ಬಿಡ್ತೇನಿ.”

ದ್ರಾಕ್ಷಾಯಣಿಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ಭಯವಾಯಿತು. ಇವಳೂ ಹೋದರೆ ಆ್ಯಪ್ ತನ್ನೊಬ್ಬಳ ಹೆಗಲ ಮೇಲೆ. ತನಗೆ ಜ್ವರ ಬಂದ ದಿನ ಅದಕ್ಕೂ ಜ್ವರ. ಹಾಗಾದರೆ ಏನು ಮಾಡೋಣ ಎಂದು ಕೇಳಿದಳು. ತಮ್ಮ ತಾಂಡಾದಲ್ಲಿ ಪಂಚಾಯ್ತಿ ಕೂತಾಗ ಎಲ್ಲರ ಮಾತು ಮುಗಿಯುವವರೆಗೆ ನಾಯಕ ಬಾಯಿ ಬಿಡುವುದಿಲ್ಲ ಎಂದಳು ತುಳಜಾ. ಅದನ್ನೇ ಕಟ್ಟಳೆ ಮಾಡಿಕೊಂಡರು. ಯಾರ ಕೆಲಸವಾದರೂ ಇನ್ನಿಬ್ಬರು ಒಪ್ಪಿದರೆ ಸೇರಬೇಕು, ಬೇಡವೆಂದವರು ಕಾರಣ ಹೇಳಬೇಕು, ದ್ರಾಕ್ಷಾಯಣಿಯ ಮಾತು ಕೊನೆಗೆ.

ಪಾಠ ಹೇಳುವ ಬಾಯಿಗೆ ಸುಮ್ಮನಿರುವುದು ಸುಲಭವೇ? ತುಟಿ ಬಿಗಿಹಿಡಿದು ಕೂತಳು. ಆದರೆ ಮಂದಿ ಬಂದರು, ಬಂದವರು ನಿಂತರು. ಜೋಯಿಡಾದ ಸುಮಿತಾ ಆ್ಯಪ್‌ಗೆ ಕೊಂಕಣಿ ಭಾಷೆ ಸೇರಿಸಿದಳು. ಗಣೇಶಗುಡಿಯಲ್ಲಿ ರಾಫ್ಟಿಂಗ್ ನಡೆಸುವವರು ಊರೂರಿನ ಬಸ್ ನಿಲ್ದಾಣಗಳ ಹೆಸರು ತಿದ್ದಿಕೊಟ್ಟರು.

ಅಷ್ಟರಲ್ಲಿ ಯಾರೋ ಕಿಡಿಗೇಡಿಗಳು ಬಾರದ ಬಸ್ಸನ್ನು ಬಂತೆಂದು ಹಾಕತೊಡಗಿದರು. ದ್ರಾಕ್ಷಾಯಣಿ ದೀಪಾವಳಿ ರಜೆಯೆಲ್ಲ ಕೂತು, ಫೋನ್ ನಂಬರ್ ಕೊಟ್ಟವರಷ್ಟೇ ಸುದ್ದಿ ಹಾಕುವಂತೆ ಬರೆದಳು. ಅದನ್ನು ಒಪ್ಪುವುದೋ ಬಿಡುವುದೋ ಎಂದು ಭಾನುವಾರ ಈರೇಶನ ಅಂಗಡಿಯಲ್ಲಿ ಎಲ್ಲರೂ ಸೇರಿದರು.

ಬೇಡ ಎಂದಳು ತುಳಜಾ. “ಗುರುತಿಲ್ಲದವರಿಗೆ ನಂಬರ್ ಕೊಡು ಅಂದ್ರ ನಮ್ಮ ಹೆಣ್ಮಕ್ಕಳು ಇದನ್ನ ಮುಟ್ಟೂದ ಇಲ್ರಿ. ಇಬ್ಬರು ಹೇಳಿದ್ರಷ್ಟ ಬಸ್ ಬಂತು ಅಂತ ನಂಬೂಣು. ನಮಗಿಟ್ಕೊಂಡ ಕಟ್ಟಳೀನ ಬಸ್ಸಿಗೂ ಇಡೂಣು.”

ಎಲ್ಲರೂ ಹೌದೆಂದು ತಲೆಯಾಡಿಸಿದರು, ಈರೇಶನೂ. ಹೊಸದನ್ನು ಸೇರಿಸುವ ಅಧಿಕಾರ ಇನ್ನೂ ದ್ರಾಕ್ಷಾಯಣಿಯೊಬ್ಬಳ ಕೈಯಲ್ಲೇ ಇತ್ತು. ಮನಸ್ಸು ಮಾಡಿದರೆ ಮನೆಗೆ ಹೋಗಿ ಸೇರಿಸಿಬಿಡಬಹುದಿತ್ತು. ಸರದಿ ಬಂತು, ಮುಖಗಳೆಲ್ಲ ಅವಳತ್ತ ತಿರುಗಿದವು.

“ಕಾರಣ ಹೇಳೀರಿ. ಬ್ಯಾಡಂದ್ರ ಬ್ಯಾಡ,” ಎಂದಳು. ತನ್ನ ಅಧಿಕಾರವನ್ನು ಅಲ್ಲೇ ತುಳಜಾಗೂ ಈರೇಶನಿಗೂ ಕೊಟ್ಟಳು.

ದಾಂಡೇಲಿಗೆ ಮರಳುವ ಬಸ್ಸಿನಲ್ಲಿ ಗುರುತಿನ ಕಂಡಕ್ಟರ್ ಶಿವಯೋಗಿ, ನಿಮ್ಮ ಆ್ಯಪ್ ಹೇಗೆ ನಡೆದಿದೆ ಎಂದು ಕೇಳಿದ. ತಾನು ಮಾಡಿದ್ದನ್ನು ಇವತ್ತು ಎಲ್ಲರೂ ಕೂಡಿ ಬೇಡವೆಂದರು ಎಂದು ಅವಳು ಎದೆಯುಬ್ಬಿಸಿ ಹೇಳಿದಳು. ಇದರಲ್ಲಿ ಹೆಮ್ಮೆಪಡುವಂಥದ್ದೇನಿದೆ ಎಂದು ಅವನಿಗೆ ತಿಳಿಯಲಿಲ್ಲ.

“ಇನ್ನ ನಾ ಇದ್ರೂ ನಡೀತೈತ್ರಿ, ಇಲ್ದಿದ್ರೂ ನಡೀತೈತಿ,” ಎಂದಳು ದ್ರಾಕ್ಷಾಯಣಿ.