ಊರಿಗೆ ಬೆನ್ನು ಹಾಕಿದ ಮನೆ

"ಮುಖ ಯಾವ ಕಡೆಗಿಡ್ಲಿ, ಈಗ್ಲೇ ಹೇಳ್ಬಿಡಿ. ಆಮೇಲೆ ತಿರುಗಿಸು ಅನ್ನೋಕೆ ಇದೇನು ಕುರ್ಚಿಯಲ್ಲ!" ಎಂದು ಎಮಿಲ್ ಟ್ರಕ್ಕಿನಿಂದ ಕೂಗಿದ. ಅವನ ಹಿಂದೆ, ಊರು ಸ್ಮಾರಕವಾಗಿ ಉಳಿಸಿಕೊಂಡಿದ್ದ ತೋರ್ವಿಕ್ ಮನೆ ಇಡಿಯಾಗಿ ಚಕ್ರಗಳ ಮೇಲೆ ಕೂತು, ಬೀದಿಯ ನಡುವೆ ನಿಂತಿತ್ತು. ಹೆದ್ದಾರಿ ಅಗಲವಾಗುತ್ತಿದ್ದರಿಂದ ಅದನ್ನು ಗೋಧಿ ಉಗ್ರಾಣದ ಪಕ್ಕದ ಖಾಲಿ ಜಾಗಕ್ಕೆ ಸಾಗಿಸುತ್ತಿದ್ದರು.

"ಅದೂ ಒಂದು ಪ್ರಶ್ನೇನಾ? ಮುಖ ಬೀದಿಗೆ!" ಎಂದ ಊರಿನ ಅಧ್ಯಕ್ಷ ಆರ್ವಿಡ್.

ಮನೆ ನೋಡಿಕೊಳ್ಳುವ ರಾಗ್ನಾ ತಿರುಗಿ ಉಗ್ರಾಣದತ್ತ ನೋಡಿದಳು. ಹಾಗಾದರೆ ಹಿಂದಿನ ಅಡುಗೆಮನೆ ಬಾಗಿಲು ಉಗ್ರಾಣದ ತಗಡಿನ ಗೋಡೆಗೆ ಒತ್ತಿಕೊಂಡು, ಇನ್ನೆಂದೂ ತೆರೆಯದಂತಾಗುತ್ತಿತ್ತು.

ಮುಖವೇನೋ ನಿಜಕ್ಕೂ ನೋಡುವಂಥದ್ದೇ. ಕೆತ್ತನೆಯ ಕಂಬಗಳು, ಬಣ್ಣದ ಗಾಜಿನ ಬಾಗಿಲು. ಎಂಬತ್ತು ವರ್ಷದ ಹಿಂದೆ ರಾಗ್ನಾಳ ಅಜ್ಜ, ರೈಲು ಪಶ್ಚಿಮದಲ್ಲೇ ಹಾಯುತ್ತದೆಂಬ ಮಾತು ನಂಬಿ ಅತ್ತ ಮುಖಮಾಡಿ ಕಟ್ಟಿಸಿದ್ದ. ಹಾಳು ರೈಲು ಪೂರ್ವಕ್ಕೆ ಬಂತು, ಊರೂ ಅದರ ಹಿಂದೆಯೇ ಹೋಯಿತು. ಅಂದಿನಿಂದ ಜನಕ್ಕೆ ಕಂಡದ್ದು ಮನೆಯ ಬೆನ್ನು. ಬಂದವರೆಲ್ಲ ಬಂದದ್ದು ಅಡುಗೆಮನೆಯಿಂದ. ಹಿಮಗಾಳಿಯಲ್ಲಿ ದಾರಿ ತಪ್ಪಿದವರು, ಹೆರಿಗೆ ನೋವು ಹತ್ತಿದವರು, ಸುಮ್ಮನೆ ಕಾಫಿಗೆ ಬಂದವರು. ಎಂಥಾ ಮನೆ ಅದು! ಯಾರನ್ನೂ ಹೊರಗೆ ನಿಲ್ಲಿಸಿದ್ದೇ ಇಲ್ಲ.

"ಅಧ್ಯಕ್ಷರೇ, ಅಡುಗೆಮನೆ ಬೀದಿ ಕಡೆಗಿರಲಿ," ಎಂದಳು ರಾಗ್ನಾ.

"ಅಯ್ಯೋ ರಾಗ್ನಕ್ಕ, ಮನೆ ನೋಡೋಕೆ ಬಂದೋರಿಗೆ ಪಾತ್ರೆ ತೊಳೆಯೋ ಜಾಗ ತೋರಿಸ್ಲಾ? ನಗ್ತಾರೆ!"

ಅಷ್ಟರಲ್ಲಿ ಬಯಲಿನಿಂದ ಗಾಳಿ ಎದ್ದು ಹಿಮ ಉದುರತೊಡಗಿತು. ಕೆಲಸ ನಿಂತಿತು. ರಾಗ್ನಾ ಅಡುಗೆಮನೆಗೆ ಒರಗಿಸಿದ್ದ ಏಣಿ ಹತ್ತಿ ಹೋಗಿ ಸೀಮೆಎಣ್ಣೆ ಒಲೆ ಹಚ್ಚಿದಳು. ಕಾಫಿಯ ಘಮ ಬೀದಿಗಿಳಿದದ್ದೇ ತಡ, ಗಂಡಸರೆಲ್ಲ ಏಣಿಯ ಬುಡಕ್ಕೆ ಬಂದರು. ಎಲ್ಲರಿಗಿಂತ ಮುಂದೆ ಆರ್ವಿಡ್. ಹೊಸ್ತಿಲಿಗೆ ಬೂಟು ಬಡಿದು, ಬಾಗಿಲು ತಟ್ಟದೆ ಒಳಬಂದು, ಒಲೆಯ ಪಕ್ಕದ ಕುರ್ಚಿಯಲ್ಲಿ ಕೂತು ಆಲೂಗಡ್ಡೆ ರೊಟ್ಟಿಗೆ ಕೈಹಾಕಿದ.

"ಅಲ್ಲ ಆರ್ವಿಡ್, ಮುಂದೆ ಅಷ್ಟು ಚಂದದ ಬಾಗಿಲಿದೆ. ಹುಟ್ಟಿದಾಗಿಂದ ಒಂದ್ಸಲನಾದ್ರೂ ಅದನ್ನ ದಾಟಿದ್ದೀಯೇನೋ?" ಎಂದಳು ರಾಗ್ನಾ.

ಎಲ್ಲರೂ ಗೊಳ್ಳೆಂದು ನಕ್ಕರು. "ಏಣಿ ಈ ಕಡೆ ಇತ್ತಲ್ಲಕ್ಕ..." ಎಂದ ಆರ್ವಿಡ್.

"ಏಣಿ ಇಟ್ಟೋನು ಎಮಿಲ್. ಈ ಕಡೆ ಇಡು ಅಂತ ನಾನೇನೂ ಹೇಳಿರ್ಲಿಲ್ಲಪ್ಪ."

ಎಮಿಲ್ ಟೋಪಿ ತೆಗೆದು ತಲೆ ಕೆರೆದುಕೊಂಡ. "ನಂಗೆ ಇನ್ನೊಂದು ಬಾಗಿಲು ನೆನಪೇ ಆಗ್ಲಿಲ್ಲ ಕಣಕ್ಕ."

ಆರ್ವಿಡ್ ಬಾಯಲ್ಲಿದ್ದ ತುತ್ತು ನಿಧಾನವಾಗಿ ಅಗಿದು ನುಂಗಿದ. ಮಸಿ ಹಿಡಿದ ಗೋಡೆ, ಸವೆದ ಹೊಸ್ತಿಲು, ಸಾಲಾಗಿ ನೇತುಹಾಕಿದ ಒದ್ದೆ ಕೋಟುಗಳು, ಎಲ್ಲ ನೋಡಿದ. ಬಟ್ಟಲು ಖಾಲಿ ಮಾಡಿ ಎದ್ದ.

"ಗಾಳಿ ನಿಲ್ಲಲಿ, ಎಮಿಲ್. ಈ ಕಡೇನೇ ಬೀದಿಗೆ ತಿರುಗಿಸಯ್ಯಾ," ಎಂದ.

ಗಾಳಿ ನಿಂತು ಮನೆ ಹೊಸ ಜಾಗದಲ್ಲಿ ಕೂತ ದಿನ ಸಂಜೆ ರಾಗ್ನಾ ಮುಂದಿನ ಕೋಣೆಯಲ್ಲಿ ದೀಪ ಹಚ್ಚಿದಾಗ ಬಣ್ಣದ ಗಾಜಿನ ಕೆಂಪು, ನೀಲಿ ಬೆಳಕು ಉಗ್ರಾಣದ ತುಕ್ಕು ತಗಡಿನ ಮೇಲೆ ಬಿತ್ತು. ಇತ್ತ ಬೀದಿಯ ಕಡೆ ಎಮಿಲ್ ಅಡುಗೆಮನೆಗೆ ಮರದ ಮೆಟ್ಟಿಲು ಜೋಡಿಸುತ್ತಿದ್ದ. ಕೊನೆಯ ಮೊಳೆ ಇನ್ನೂ ಹೊಡೆದಿರಲಿಲ್ಲ. ಯಾರೋ ಆಗಲೇ ಬಂದು, ಅವನನ್ನು ದಾಟಿಕೊಂಡು ಹತ್ತಿ, ಹೊಸ್ತಿಲಿಗೆ ಬೂಟು ಬಡಿಯುತ್ತಿದ್ದರು.