ಜೀಪು ನಿಂತಿದ್ದ ಪದವು

ರಬ್ಬರ್ ಟ್ಯಾಪಿಂಗ್ ನಿಲ್ಲಿಸಿ ಕತ್ತಿ ಒಳಗಿಟ್ಟ ಜನವರಿ ತಿಂಗಳು; ಮಂಜು ಆರಿ ಬಿಸಿಲು ಅಂಗಳಕ್ಕೆ ಇಳಿದ ಬೆಳಗಿನ ಹೊತ್ತು. ಕೊಡಂಗೆಪಲ್ಕೆ ಗುಡ್ಡೆಯ ಸುಬ್ಬಪ್ಪ ಗೌಡನ ಮನೆ ಮಾಡಿನ ಮೇಲೆ ಕಬ್ಬಿಣದ ಪೈಪು ಏರಿದ್ದು ಆಗ. ವರ್ಷ ಎರಡು ಸಾವಿರದ ಆರು. ರಬ್ಬರಿನವರಿಗೆ ಕೈ ಬಿಡುವಾಗುವುದು ಅದೊಂದೇ ಕಾಲ. ಮಾಡಿನ ಹಂಚು ಸರಿಮಾಡುವುದು, ನೆಂಟರ ಮನೆಗೆ ಹೋಗಿಬರುವುದು ಎಲ್ಲ ಆಗಲೇ. ಇಂಟರ್ನೆಟ್ ತರುವ ಕೆಲಸವನ್ನೂ ಅದೇ ಲೆಕ್ಕದಲ್ಲಿ ಇಟ್ಟುಕೊಂಡರು. ಅದರಲ್ಲೊಂದು ತಪ್ಪಿದೆ ಎಂದು ಗುಡ್ಡೆಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಮಾಡಿನ ಮೇಲೆ ಕೂತಿದ್ದವನು ಅಝೀಮ್. ಮೂಡಬಿದ್ರೆಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟವನು, ಸಿದ್ಧಕಟ್ಟೆಯ ಇದಿನಬ್ಬನ ತಂಗಿಯ ಮಗ. ಕೆಳಗೆ ಸಿದ್ಧಕಟ್ಟೆ ಪೇಟೆಯಲ್ಲಿ ಇದಿನಬ್ಬನ ಕಟ್ಟಡದ ಮಾಳಿಗೆಯಲ್ಲಿ ಹಾಲಿನ ಸೊಸೈಟಿ ಇತ್ತು. ಅಲ್ಲಿಗೆ ಹೊಸದಾಗಿ ಇಂಟರ್ನೆಟ್ ಬಂದಿತ್ತು. ಗುಡ್ಡೆಯವರು ಹಾಲು ಅಳೆಯುವ ಉಪಕೇಂದ್ರ ಸುಬ್ಬಪ್ಪನ ಜಗಲಿಯಲ್ಲೇ. ಅಲ್ಲೊಂದು ತಟ್ಟೆಯಂಥ ಆಂಟೆನ, ಇಲ್ಲೊಂದು. ನಡುವೆ ತಂತಿ ಇಲ್ಲ. ಸೊಸೈಟಿಯ ಸದಸ್ಯರೇ ಪೈಪು ಹೊತ್ತರು, ಸದಸ್ಯರೇ ಸಿಮೆಂಟು ಕಲಸಿದರು. ಎಲೆ ಉದುರಿ ಬೋಳಾಗಿದ್ದ ರಬ್ಬರ್ ಮರಗಳ ಸಂದಿನಲ್ಲಿ ಇದಿನಬ್ಬನ ಕಟ್ಟಡದ ನೀರಿನ ಟಾಂಕಿ ಚೆನ್ನಾಗಿ ಕಾಣುತ್ತಿತ್ತು.

"ಕಣ್ಣಿಗೆ ಕಾಣ್ತದಲ್ಲ, ಸಾಕು. ಇದಕ್ಕೆ ಬೇಕಾದ್ದು ಅಷ್ಟೇ," ಎಂದ ಅಝೀಮ್.

ಸುಬ್ಬಪ್ಪನ ಹೆಂಡತಿ ಪ್ರೇಮಾವತಿ ಅಂಗಳದಿಂದಲೇ ಕೇಳಿದಳು, "ಅಝೀಮಾ, ಮೊದಲಿನ ಹಾಗೆ ಜೀಪು ಬರ್ಲಿಕ್ಕಿಲ್ಲ ಅಲ್ವಾ?"

"ಇಲ್ಲ ಪ್ರೇಮಕ್ಕ. ಹೋದ ವರ್ಷದಿಂದ ಈ ತರಂಗಕ್ಕೆ ಲೈಸನ್ಸ್ ಬೇಡ ಅಂತ ಸರ್ಕಾರವೇ ಬಿಟ್ಟಿದೆ. ಯಾರು ಬೇಕಾದರೂ ಬಳಸಬಹುದು. ಒಂದೇ ಷರತ್ತು, ಶಕ್ತಿ ಹೇಳಿದಷ್ಟೇ ಇರ್ಬೇಕು."

"ಹಾಗಾದ್ರೆ ನಾನು ಧೈರ್ಯದಲ್ಲಿ ಮಾತಾಡಬಹುದು."

"ಇದರಲ್ಲಿ ಮಾತಾಡುದಲ್ಲ ಅಕ್ಕ, ಟೈಪ್ ಮಾಡುದು."

"ಅಯ್ಯೋ, ಮತ್ತೆ ನನಗೆಂತಕ್ಕೆ?" ಎಂದು ಅವಳು ನಕ್ಕು ಒಳಗೆ ಹೋದಳು.

ಅವಳಿಗೆ ಬೇಕಾಗಿರಲಿಲ್ಲ, ಮಗಳಿಗೆ ಬೇಕಿತ್ತು. ಸುಪ್ರೀತಾ ಹುಟ್ಟಿನಿಂದಲೇ ಕಿವಿ ಕೇಳದವಳು. ಮಂಗಳೂರಿನ ಕಿವುಡ ಮಕ್ಕಳ ಶಾಲೆಯಲ್ಲಿ ಹತ್ತನೆಯವರೆಗೆ ಓದಿ, ಕನ್ನಡ ಟೈಪಿಂಗ್ ಕಲಿತು, ಮೂಡಬಿದ್ರೆಯ ಶಶಿಪ್ರಭಾ ಎಂಬವಳ ಪ್ರೆಸ್ಸಿನಲ್ಲಿ ಮದುವೆ ಕಾಗದ ಅಚ್ಚಿಗೆ ಹೊಂದಿಸುತ್ತಿದ್ದಳು. ಆಗ ಚಿಕ್ಕಮ್ಮನ ಮನೆಯಲ್ಲಿ ಉಳಿದುಕೊಂಡಿದ್ದಳು; ಅಲ್ಲಿ ಟೈಪ್ ಮಾಡಿದ್ದಕ್ಕಿಂತ ಪಾತ್ರೆ ತೊಳೆದದ್ದೇ ಹೆಚ್ಚಾಗಿ, ಒಂದು ದಿನ ಚೀಲ ಹಿಡಿದು ಮನೆಗೆ ಬಂದಿದ್ದಳು. ಇನ್ನು ಅಲ್ಲಿಗೆ ಹೋಗುವುದಿಲ್ಲ ಎಂದು ಕೈಯಲ್ಲೇ ಖಂಡಿತವಾಗಿ ಹೇಳಿದ್ದಳು. ಈಗ ಕಂಪ್ಯೂಟರು ಜಗಲಿಗೇ ಬಂತು. ಮದುವೆ ಕಾಗದದಲ್ಲಿ ಮಾವನ ಹೆಸರು ಬಿಟ್ಟುಹೋದರೆ, ಮುಹೂರ್ತ ಬದಲಾದರೆ, ಶಶಿಪ್ರಭಾ ಅಲ್ಲಿಂದ ಬರೆಯುತ್ತಿದ್ದಳು, ಇವಳು ಇಲ್ಲಿಂದ ಸರಿಮಾಡಿ ಕಳಿಸುತ್ತಿದ್ದಳು. ಕೆಲಸ ಇಲ್ಲದಾಗಲೂ ಇಬ್ಬರೂ ಬರೆದುಕೊಳ್ಳುತ್ತಿದ್ದರು. ಮಗಳು ಪರದೆ ನೋಡಿ ಹೊಟ್ಟೆ ಹಿಡಿದು ನಗುವುದನ್ನು ಸುಬ್ಬಪ್ಪ ಹಾಲು ಅಳೆಯುತ್ತಾ ನೋಡುತ್ತಿದ್ದ. ಯಾವ ತಮಾಷೆಗೆ ನಗುತ್ತಾಳೆ ಎಂದು ಅವನಿಗೆ ಗೊತ್ತಾಗುತ್ತಿರಲಿಲ್ಲ. ಆದರೂ ಅವನಿಗೂ ನಗು ಬರುತ್ತಿತ್ತು.

ಪ್ರೇಮಾವತಿ ಹೇಳಿದ ಜೀಪಿನ ಸಂಗತಿ ತೊಂಬತ್ತೆಂಟನೇ ಇಸವಿಯದು. ಆಗ ಗುಡ್ಡೆಗೆ ಫೋನಿನ ತಂತಿ ಬಂದಿರಲಿಲ್ಲ. ಇದಿನಬ್ಬನ ಅಣ್ಣ ಗಲ್ಫಿನ ದಮಾಮಿನಿಂದ ದೂರಕ್ಕೆ ಹಿಡಿಯುವ ಕಾರ್ಡ್‌ಲೆಸ್ ಫೋನು ತಂದಿದ್ದ. ಅಂಗಡಿಯ ಫೋನಿಗೆ ಅದನ್ನು ಜೋಡಿಸಿ, ಮೀನಿನ ಮುಳ್ಳಿನಂಥ ಆಂಟೆನ ಕಟ್ಟಿ, ಹಿಡಿಯುವ ತುಂಡನ್ನು ಸುಬ್ಬಪ್ಪನ ಜಗಲಿಯಲ್ಲಿಟ್ಟರು. ಗುಡ್ಡೆಗೆಲ್ಲ ಅದೊಂದೇ ಫೋನು. ಒಂದು ಮಧ್ಯಾಹ್ನ ಪ್ರೇಮಾವತಿ ಕಲ್ಲಡ್ಕದ ತಂಗಿಗೆ ಬಂಗುಡೆ ಸಾರಿನ ಮಸಾಲೆ ಹೇಳಿಕೊಡುತ್ತಿದ್ದಾಗ ಅದು ಪೊಲೀಸರ ವಯರ್‌ಲೆಸ್ಸಿನಲ್ಲಿ ಮೊಳಗಿತಂತೆ. ಕೆಲವು ದಿನಗಳಲ್ಲಿ ವಯರ್‌ಲೆಸ್ ಇಲಾಖೆಯ ಜೀಪು ಗುಡ್ಡೆ ಹತ್ತಿತು. ಅದು ನಿಂತದ್ದು ಗುಡ್ಡೆಯ ನೆತ್ತಿಯಲ್ಲಿ, ಮರವಿಲ್ಲದ ಕೆಂಪು ಮುರಕಲ್ಲಿನ ಬಯಲಿನಲ್ಲಿ, ತುಕ್ರಪ್ಪನ ಮನೆಯ ಎದುರು. ಆ ಬಯಲನ್ನು ಎಲ್ಲರೂ ಪದವು ಎನ್ನುತ್ತಾರೆ. ಅಧಿಕಾರಿಗಳು ಜೀಪಿನ ಮೇಲಿನ ಬಳೆಯಂಥ ಆಂಟೆನವನ್ನು ಅಲ್ಲಿ ಇಲ್ಲಿ ತಿರುಗಿಸಿ, ನೇರ ಸುಬ್ಬಪ್ಪನ ಜಗಲಿಗೆ ಇಳಿದು ಬಂದು ಸೆಟ್ಟು ಹೊತ್ತುಕೊಂಡು ಹೋದರು. ಇದಿನಬ್ಬ ಎಷ್ಟೋ ಸಲ ಮಂಗಳೂರಿಗೆ ಹೋಗಿ ಕಚೇರಿಯ ಬೆಂಚಿನಲ್ಲಿ ಕೂತು ಬಂದ.

ಸುಪ್ರೀತಾಳಿಗೆ ಮಾತ್ರ ಆ ಫೋನು ಬಂದದ್ದೂ ಒಂದೇ, ಹೋದದ್ದೂ ಒಂದೇ.

ಜೀಪಿನವರಿಗೆ ತುಕ್ರಪ್ಪ ಅಂದು ಮಜ್ಜಿಗೆ ಕೊಟ್ಟಿದ್ದ. ಸಂಜೆಗೆ ಸುಬ್ಬಪ್ಪ ಹಾಲು ತಂದವರೆಲ್ಲರ ಎದುರು, "ಹೇಳಿಕೊಟ್ಟದ್ದು ಅವನೇ," ಎಂದುಬಿಟ್ಟ. ಮಸಾಲೆಯ ಕತೆಯನ್ನು ಮಂಗಳೂರಿನ ಅಧಿಕಾರಿಯಿಂದಲೇ ಕೇಳಿಕೊಂಡು ಬಂದ ಇದಿನಬ್ಬ ಆಮೇಲೆ ತಿಳಿಸಿ ಹೇಳಿದ. ಸುಬ್ಬಪ್ಪ ನಕ್ಕನೇ ಹೊರತು ಆಡಿದ ಮಾತನ್ನು ಹಿಂದೆ ತೆಗೆದುಕೊಳ್ಳಲಿಲ್ಲ. ಅಂದಿನಿಂದ ತುಕ್ರಪ್ಪ ಹಾಲಿನ ಕ್ಯಾನು ಹೊತ್ತು ಈ ಜಗಲಿಯನ್ನು ದಾಟಿಕೊಂಡೇ ಸಿದ್ಧಕಟ್ಟೆಯವರೆಗೂ ನಡೆಯುತ್ತಿದ್ದ, ಮಳೆಯಿರಲಿ ಬಿಸಿಲಿರಲಿ. ಒಂದು ದಿನವೂ ಇತ್ತ ತಲೆ ತಿರುಗಿಸಲಿಲ್ಲ.

ಫೆಬ್ರವರಿ ಮುಗಿಯುವಾಗ ಇಂಟರ್ನೆಟ್ಟಿಗೆ ಸೊರಗು ಹಿಡಿಯಿತು. ಮೊದಲು ಪರದೆಯ ಮೇಲೆ ಅಕ್ಷರ ತಡವಾಗಿ ಬಂತು. ಆಮೇಲೆ ಬಂದು ಬಂದು ನಿಂತಿತು. ಮಾರ್ಚ್ ಮೊದಲ ವಾರ ಪೂರ್ತಿ ಹೋಯಿತು. ಸಿದ್ಧಕಟ್ಟೆಯಲ್ಲಿ ಯಾರೋ ಸ್ವಿಚ್ ಆರಿಸುತ್ತಾರೆ ಎಂದರು ಕೆಲವರು. ಇದಿನಬ್ಬ ಕರೆಂಟು ಉಳಿಸುತ್ತಾನೆ ಎಂದರು ಇನ್ನು ಕೆಲವರು. ಅಝೀಮ್ ಬಂದು ಪೆಟ್ಟಿಗೆ ಬಿಚ್ಚಿ ನೋಡಿದ, ಎಲ್ಲ ಸರಿ ಇತ್ತು. ಮಾಡಿನ ಮೇಲೆ ಹತ್ತಿ ಟಾಂಕಿ ಹುಡುಕಿದ. ಟಾಂಕಿ ಇರಲಿಲ್ಲ. ಅದಿದ್ದ ಕಡೆ ರಬ್ಬರಿನ ಹೊಸ ಎಲೆ ಗೋಡೆಯ ಹಾಗೆ ನಿಂತಿತ್ತು.

"ಸುಬ್ಬಪ್ಪಣ್ಣ, ನಿಮ್ಮ ತೋಟ ಯಾವಾಗಲೂ ಹೀಗಾ?" ಎಂದು ಮೇಲಿಂದ ಕೂಗಿದ.

ಅಂಗಳದಲ್ಲಿದ್ದ ನಾಲ್ಕೈದು ಮಂದಿ ರಬ್ಬರಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಲೆ ಉದುರುವ ತಿಂಗಳು, ಚಿಗುರುವ ತಿಂಗಳು ಅವರಿಗೆ ತಮ್ಮ ಮಕ್ಕಳ ಹೆಸರಿನಷ್ಟೇ ಗೊತ್ತು. ಕೈಗೆ ಬಿಡುವಿದ್ದ ಕಾಲ ಮರಕ್ಕೆ ಎಲೆ ಇಲ್ಲದ ಕಾಲವೇ ಆಗಿತ್ತಲ್ಲ ಎಂದು ಆಗ ನೆನಪಾಯಿತು. ಪ್ರೇಮಾವತಿ ಸೆರಗು ಬಾಯಿಗಿಟ್ಟು ನಗಲು ಹೊರಟವಳು ಮಗಳನ್ನು ನೋಡಿ ನಿಲ್ಲಿಸಿದಳು. ಸುಪ್ರೀತಾ ಕಂಪ್ಯೂಟರಿನ ಎದುರು ಕೈಕಟ್ಟಿ ಕೂತಿದ್ದಳು. ಮದುವೆಯ ಕಾಲ. ಏಪ್ರಿಲಿನ ಬಿಸು ಹಬ್ಬದವರೆಗೆ ಹೇಗಾದರೂ ಕಾಯುತ್ತೇನೆ, ಆಮೇಲೆ ಬೇರೆಯವರನ್ನು ನೋಡಬೇಕಾಗುತ್ತದೆ ಎಂದು ಶಶಿಪ್ರಭಾ ಅಝೀಮನ ಕೈಯಲ್ಲಿ ಹೇಳಿ ಕಳಿಸಿದ್ದಳು.

ಸುಬ್ಬಪ್ಪ ಹೇಳಿದ, "ಶಕ್ತಿ ಹೆಚ್ಚು ಮಾಡು ಮಾರಾಯ. ಎಲೆಯನ್ನು ತೂತು ಮಾಡಿಕೊಂಡು ಹೋಗ್ಲಿ. ದಮಾಮಿನಲ್ಲಿ ಅಂಥ ಪೆಟ್ಟಿಗೆ ಸಿಗುದಿಲ್ವಾ?"

"ಸಿಗ್ತದೆ," ಎಂದ ಅಝೀಮ್ ಕೆಳಗಿಳಿಯುತ್ತಾ. "ಹಾಕಿದರೆ ಮೊದಲಿನ ಕತೆಯೇ. ಲೈಸನ್ಸ್ ಬೇಡ ಅಂದದ್ದು ಮೆಲ್ಲಗೆ ಮಾತಾಡುವವರಿಗೆ. ನಾವು ಬೊಬ್ಬೆ ಹೊಡೆದರೆ ನಾಳೆ ಪಕ್ಕದ ಊರಿನವರು ಆಂಟೆನ ಕಟ್ಟಿದಾಗ ಅವರದ್ದು ಅವರಿಗೇ ಕೇಳುದಿಲ್ಲ."

ಸೋದರಳಿಯನ ಜತೆ ಗುಡ್ಡೆ ಹತ್ತಿ ಬಂದಿದ್ದ ಇದಿನಬ್ಬ ಮೆಟ್ಟಿಲಲ್ಲಿ ಕೂತು ಸೊಂಟ ಒತ್ತಿಕೊಂಡ. "ಗೌಡ್ರೇ, ಆ ಬೆಂಚಿನಲ್ಲಿ ಇನ್ನೊಮ್ಮೆ ಕೂರುವ ತ್ರಾಣ ಈ ಸೊಂಟಕ್ಕಿಲ್ಲ. ನೀವು ಕೂರುದಾದ್ರೆ ತರಿಸುವ."

"ಹಾಗಾದ್ರೆ ಮರ ಕಡಿತೇನೆ ಇದಿನಬ್ಬಾಕ. ನನ್ನದೇ ಮರ."

"ಕಡೀರಿ," ಎಂದಳು ಪ್ರೇಮಾವತಿ. "ಏಳು ವರ್ಷ ಸಾಕಿ ಈಗಷ್ಟೇ ರಬ್ಬರ್ ಹಾಲು ಕೊಡ್ಲಿಕ್ಕೆ ಸುರು ಮಾಡಿದ್ದಾವೆ. ನಿಮ್ಮದು ಕಡಿದ ಮೇಲೆ ಕೆಳಗಿನ ತೋಟದವರದ್ದು ಉಂಟು, ಅದರ ಕೆಳಗೆ ಇನ್ನೊಬ್ಬರದ್ದುಂಟು. ಸಿದ್ಧಕಟ್ಟೆವರೆಗೂ ಕೊಡಲಿ ಹಿಡ್ಕೊಂಡು ಹೋಗ್ತೀರಾ?"

ಆಗ ಸುಪ್ರೀತಾ ಅಪ್ಪನ ತೋಳು ತಟ್ಟಿದಳು. ಏನೂ ಕೇಳಿಸದಿದ್ದರೂ ತುಟಿ ನೋಡಿಯೇ ಕೊಡಲಿಯ ವಿಷಯ ನಡೆಯುತ್ತಿದೆ ಎಂದು ಅವಳಿಗೆ ಗೊತ್ತಾಗಿತ್ತು. ಹಾಲಿನ ಚೀಟಿಯ ಹಿಂದೆ ಬರೆದು ಅವನ ಮುಂದೆ ಹಿಡಿದಳು: 'ಆ ಜೀಪು ಪದವಿನಲ್ಲೇ ನಿಂತದ್ದು ಯಾಕೆ?'

ಸುಬ್ಬಪ್ಪ ನಿಧಾನವಾಗಿ ಓದಿ ಚೀಟಿಯನ್ನು ಅಝೀಮನಿಗೆ ಕೊಟ್ಟ. ಅಝೀಮ್ ಅದನ್ನು ಓದಿ, ಮತ್ತೆ ಮಾಡಿನ ಮೇಲೆ ಹತ್ತಿ ನೆತ್ತಿಯ ಕಡೆ ನೋಡಿದ. ಅಲ್ಲಿ ತುಕ್ರಪ್ಪನ ಮನೆಯ ಹಂಚು ಬಿಸಿಲಿಗೆ ಹೊಳೆಯುತ್ತಿತ್ತು. ನಡುವೆ ಒಂದು ಮರವೂ ಇರಲಿಲ್ಲ.

"ಅಲ್ಲಿಂದ ಎಲ್ಲ ಕಾಣ್ತದೆ, ಅದಕ್ಕೇ," ಎಂದ. "ಅವರು ನಮ್ಮನ್ನು ಹಿಡಿದದ್ದೂ ಹಾಗೇ. ಸಿದ್ಧಕಟ್ಟೆಯಿಂದ ಪದವಿಗೆ, ಪದವಿನಿಂದ ಇಲ್ಲಿಗೆ. ಹೆಚ್ಚಿನ ಶಕ್ತಿಯೇ ಬೇಡ. ಅಲ್ಲೊಂದು ಕಂಬ ಆದರೆ ಆಯ್ತು."

ಎಲ್ಲರೂ ಸುಬ್ಬಪ್ಪನನ್ನು ನೋಡಿದರು.

"ನಾನು ಹೋಗ್ಲಾ?" ಎಂದು ಇದಿನಬ್ಬ ಮೆತ್ತಗೆ ಕೇಳಿದ.

"ನೀವು ದೂರಿದ್ದಲ್ಲ. ನಾನು ದೂರಿದ್ದು," ಎಂದ ಸುಬ್ಬಪ್ಪ.

ಮರುದಿನ ಹಾಲು ಅಳೆದು ಮುಗಿಸಿ ಅವನು ಪದವಿಗೆ ಹತ್ತಿದ. ತುಕ್ರಪ್ಪ ಅಂಗಳದಲ್ಲಿ ಹುರಿಹಗ್ಗ ಹೊಸೆಯುತ್ತಿದ್ದ. ತಲೆ ಎತ್ತಿ ನೋಡಿ, ಹೊಸೆಯುವುದನ್ನು ನಿಲ್ಲಿಸದೆ ಹೇಳಿದ, "ದಾರಿ ನೆನಪುಂಟಲ್ಲ ಗೌಡನಿಗೆ."

"ಉಂಟು."

"ಮಜ್ಜಿಗೆ ಬೇಕಾ? ಜೀಪಿನವರಿಗೆ ಕೊಟ್ಟದ್ದೇ ಲೋಟ."

ಸುಬ್ಬಪ್ಪ ಕಲ್ಲಿನ ಮೇಲೆ ಕೂತ. ಕೂತಲ್ಲಿಂದ ಒಂದು ಕಡೆ ಇದಿನಬ್ಬನ ಟಾಂಕಿ ಕಂಡಿತು, ಇನ್ನೊಂದು ಕಡೆ ತನ್ನದೇ ಮಾಡು. ಬಂದ ಕೆಲಸವನ್ನು ಸುತ್ತಿ ಬಳಸದೆ ಹೇಳಿದ. ಮಗಳ ಕೆಲಸದ ವಿಷಯ ಹೇಳಿದ, ಎಲೆಯ ವಿಷಯವನ್ನೂ ಹೇಳಿದ. ಎಲೆಯ ಮಾತು ಬಂದಾಗ ತುಕ್ರಪ್ಪನ ಮೀಸೆ ಅಲುಗಿತು.

"ರಬ್ಬರಿನವರಲ್ವಾ ನೀವು?"

"ಹೌದು ಮಾರಾಯ. ನಗು ನೀನು."

ತುಕ್ರಪ್ಪ ನಗಲಿಲ್ಲ. ಹಗ್ಗ ಕೆಳಗಿಟ್ಟ. "ನನ್ನ ಮೇಲೆ ಹೇಳಿದ್ದು ಸುಳ್ಳು ಅಂತ ನಿನಗೆ ಯಾವಾಗ ಗೊತ್ತಾಯ್ತು?"

"ಆ ತಿಂಗಳೇ."

"ಗೊತ್ತಿದ್ದೂ ಸುಮ್ಮನಿದ್ದೆ."

"ಸುಮ್ಮನಿದ್ದೆ."

ಒಂದು ಕೋಳಿ ಇಬ್ಬರ ನಡುವೆ ಹಾದು ಹೋಯಿತು. ತುಕ್ರಪ್ಪ ಹೇಳಿದ, "ನನ್ನ ಕಿವಿಯಲ್ಲಿ ಹೇಳಿದರೆ ಆಗ್ಲಿಕ್ಕಿಲ್ಲ. ಆಗ ಎಲ್ಲಿ ಹೇಳಿದ್ದೋ ಅಲ್ಲೇ ಹೇಳು, ಹಾಲಿನವರೆಲ್ಲ ಇರುವಾಗ. ಮತ್ತೊಂದು ಉಂಟು. ನನ್ನ ಮನೆ ಬರೀ ನಿನ್ನ ಕಂಬ ಆಗುದು ಬೇಡ. ಇಂಟರ್ನೆಟ್ ಇಲ್ಲಿಂದ ಹಾದು ಹೋಗುದಾದ್ರೆ ಇಲ್ಲಿಯೂ ಇಳಿದು ಹೋಗ್ಬೇಕು. ನಾನೂ ಸೊಸೈಟಿಯ ಸದಸ್ಯ."

"ಅದು ನ್ಯಾಯ. ನಾನು ಮೊದಲೇ ಹೇಳ್ಬೇಕಿತ್ತು," ಎಂದ ಸುಬ್ಬಪ್ಪ. ಆಮೇಲೆ ಮಜ್ಜಿಗೆ ಕುಡಿದ.

ಮರುದಿನ ಬೆಳಿಗ್ಗೆ ಜಗಲಿಯ ಎದುರು ಕ್ಯಾನುಗಳು ಸಾಲಾಗಿದ್ದವು. ದಾರಿಯಲ್ಲಿ ತುಕ್ರಪ್ಪ ತನ್ನ ಕ್ಯಾನು ಹೊತ್ತು ಬಂದು, ಈ ಸಲ ದಾಟಿ ಹೋಗದೆ ನಿಂತ. ಸುಬ್ಬಪ್ಪ ಅಳತೆಯ ಪಾತ್ರೆ ಕೆಳಗಿಟ್ಟು ಎದ್ದ. ಕಂಪ್ಯೂಟರಿನ ಹತ್ತಿರ ಸುಪ್ರೀತಾ ಅವನ ತುಟಿಯನ್ನೇ ನೋಡುತ್ತಿದ್ದಳು. ಅವಳಿಗೂ ತಿಳಿಯಲಿ ಎಂದು ಅವನು ಒಂದೊಂದೇ ಮಾತನ್ನು ಬಿಡಿಸಿ ಹೇಳಿದ.

"ಜೀಪಿನವರಿಗೆ ತುಕ್ರಪ್ಪ ಹೇಳಿಕೊಟ್ಟದ್ದಲ್ಲ. ಅವನು ಹೇಳಿದ್ದು ಅಂತ ನಾನು ಹೇಳಿದ್ದು ಸುಳ್ಳು. ಗೊತ್ತಾದ ಮೇಲೂ ನಾನು ತಿದ್ದಲಿಲ್ಲ. ತಪ್ಪು ನನ್ನದು."

ಹಾಲಿನವರು ನೆಲ ನೋಡಿದರು. ಒಳಗಿನಿಂದ ಪ್ರೇಮಾವತಿ, "ಹೇಳಿಕೊಟ್ಟದ್ದು ನಾನು ಮಾರಾಯ್ರೆ, ಮಸಾಲೆ ಸಮೇತ!" ಎಂದು ಕೂಗಿದಳು. ಜಗಲಿಗೆ ಜಗಲಿಯೇ ನಕ್ಕಿತು. ತುಕ್ರಪ್ಪನೂ ನಕ್ಕ, ನಕ್ಕು, ಕ್ಯಾನಿನ ಮುಚ್ಚಳ ತೆಗೆದು ಹಾಲು ಅಳೆಯಲು ಮುಂದಿಟ್ಟ.

ಆ ಭಾನುವಾರ ಪದವಿನಲ್ಲಿ ಕಂಬ ನಿಂತಿತು. ಮುರಕಲ್ಲು ಕೊರೆದು ಗುಂಡಿ ತೆಗೆದದ್ದು ಸುಬ್ಬಪ್ಪ. ಅಝೀಮ್ ಸಿದ್ಧಕಟ್ಟೆಯ ಮಾಳಿಗೆಯಲ್ಲಿದ್ದ. ಪದವಿನಲ್ಲಿ ಸುಪ್ರೀತಾ ತುಕ್ರಪ್ಪನ ಅಂಗಳಕ್ಕೆ ಹೊತ್ತು ತಂದ ಕಂಪ್ಯೂಟರಿನ ಪರದೆ ನೋಡಿ ಕೈ ಎತ್ತುವುದು, ಕಂಬದ ಮೇಲಿದ್ದ ತುಕ್ರಪ್ಪ ಆ ಕೈ ಕಂಡ ಹಾಗೆ ತಟ್ಟೆ ತಿರುಗಿಸುವುದು. ಮಾತಿಲ್ಲದೆ ಕೆಲಸ ಎಷ್ಟು ಬೇಗ ಆಗುತ್ತದೆ ಎಂದು ಅಂದು ಸುಬ್ಬಪ್ಪ ಕಂಡ. ಕೊನೆಗೆ ಅವಳು ಎರಡೂ ಕೈ ಮೇಲೆತ್ತಿದಳು. ಮಧ್ಯಾಹ್ನದ ಒಳಗೆ ಎರಡು ಮದುವೆ ಕಾಗದ ಮೂಡಬಿದ್ರೆಗೆ ಹೋದವು. ಬಿಸುವಿಗೆ ಇನ್ನೂ ದಿನವಿತ್ತು.

ಮುಂದಿನ ವಾರಗಳಲ್ಲಿ ಗಾಳಿ ಬಂತು, ಒಂದೆರಡು ಗುಡುಗು ಮಳೆಯೂ ಬಂತು, ಕಂಬ ಅಲ್ಲಾಡಲಿಲ್ಲ. ವೇಣೂರು ಕಡೆಯ ಹಾಲಿನವರು ಸುದ್ದಿ ಕೇಳಿ ಪದವಿಗೆ ಬಂದು ಕುತ್ತಿಗೆ ಎತ್ತಿ ನೋಡಿದರು. ನಮ್ಮ ಕಡೆಯೂ ಒಂದು ಗುಡ್ಡೆ ಉಂಟು, ನಮ್ಮಲ್ಲೂ ಕಟ್ಟಿಕೊಡುತ್ತೀರಾ ಎಂದು ಕೇಳಿದರು. ಅಝೀಮನಿಗೆ ಅಂಗಡಿ ಬಿಡಲು ಆಗುವುದಿಲ್ಲ. ಸುಪ್ರೀತಾ ತನ್ನ ಎದೆ ಮುಟ್ಟಿ ತೋರಿಸಿದಳು. ಆಮೇಲೆ ತುಕ್ರಪ್ಪನ ಕಡೆ ಬೆರಳು ತೋರಿಸಿದಳು. ತುಕ್ರಪ್ಪ, "ನನಗೆ ವೇಣೂರಿನಲ್ಲಿ ನೆಂಟರಿದ್ದಾರೆ, ಊಟಕ್ಕೆ ತೊಂದರೆ ಇಲ್ಲ," ಎಂದ.

"ನಾನೂ ಬರ್ತೇನೆ," ಎಂದ ಸುಬ್ಬಪ್ಪ.

ಮಗಳು ತಲೆ ಅಲ್ಲಾಡಿಸಿ ಹಾಲು ಅಳೆಯುವ ಪಾತ್ರೆ ತೋರಿಸಿದಳು. ಅದನ್ನು ಬಿಟ್ಟು ಬರುವಂತಿಲ್ಲ.

ಬಿಸು ಹಬ್ಬ ಶುಕ್ರವಾರ ಆಯಿತು. ಅದು ಕಳೆದ ಸೋಮವಾರ ಬೆಳಿಗ್ಗೆ ಸುಪ್ರೀತಾ ಮತ್ತು ತುಕ್ರಪ್ಪ ವೇಣೂರಿನ ಬಸ್ಸು ಹತ್ತಿ ಹೋದರು.